ಬೇರೆ ಪಾತ್ರೆಯ ಸಪ್ಪೆ ಸಾರು

ಕೊಪ್ಪಳ ಜಿಲ್ಲೆಯಲ್ಲಿ ಕಿಡ್ನಿ ಕಾಯಿಲೆ ಇರುವವರ ಮನೆಗಳಲ್ಲಿ ನಾನು ಪದೇ ಪದೇ ನೋಡುವ ಕಷ್ಟ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಈ ರೋಗಿ ರೈಸ್ ಮಿಲ್ ಹಮಾಲಿ. ವಯಸ್ಸು 50 ದಾಟಿದೆ. ಡಯಾಲಿಸಿಸ್ ಇನ್ನೂ ಬೇಕಾಗಿಲ್ಲ, ಆದರೆ ಬಿಪಿ ಇಳಿಯುತ್ತಿಲ್ಲ, ಸಂಜೆಗೆ ಪಾದ ಬಾತಿರುತ್ತವೆ. ಮೂರನೇ ಭೇಟಿಯಲ್ಲಿ ಹೆಂಡತಿ ಅತ್ತುಬಿಟ್ಟರು. "ಇವರ ಸಾರಿಗೆ ನಾ ಉಪ್ಪ ಹಾಕಂಗಿಲ್ರೀ, ಬ್ಯಾರೆ ಪಾತ್ರ್ಯಾಗ ಮಾಡ್ತೀನಿ. ಆದ್ರೂ ಎಲ್ರೂ ನನ್ನ ಬೈತಾರ."

ಗಂಡ ತಲೆ ತಗ್ಗಿಸಿ ಕೂತಿದ್ದರು. ನಾನೂ ಸುಮ್ನಿದ್ದೆ. ಕೊನೆಗೆ ಅವರೇ ಹೇಳಿದರು: "ಎಲ್ರೂ ಒಂದ ಸಾರು ಉಣ್ತಾರ, ನಂಗೊಂದ ಬ್ಯಾರೆ. ನಮ್ಮ ಮನ್ಯಾಗ ನಾನ ಹೊರಗಿನವ ಆಗೀನಿ ಅನಸ್ತೈತ್ರೀ. ಅದಕ್ಕ ಮಿಲ್ ಹತ್ರ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಬರ್ತೀನಿ."

ಹೆಂಡತಿ ಅವರನ್ನೇ ನೋಡುತ್ತಾ ಉಳಿದರು. ಆಮೇಲೆ ಚೀಲದಿಂದ ಒಂದು ಪ್ಯಾಕೆಟ್ ತೆಗೆದರು. ಸೋಡಿಯಂ ಕಡಿಮೆ ಇರುವ ಉಪ್ಪು. "ಇದು ಹಾಕ್ಲೇನ್ರೀ?"

ಬೇಡ ಅಂದೆ. ಅಂಥ ಉಪ್ಪಿನಲ್ಲಿ ಒಂದಷ್ಟು ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕಲಾರದು. ರಕ್ತದಲ್ಲಿ ಜಾಸ್ತಿಯಾದರೆ ಹೃದಯದ ಬಡಿತವೇ ತಪ್ಪುತ್ತದೆ. ಸೈಂಧವ ಲವಣವೂ ಹೆಚ್ಚುಕಡಿಮೆ ಅಡುಗೆ ಉಪ್ಪೇ. ಕಿಡ್ನಿ ಹೊರಹಾಕದ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾವು, ಬಿಪಿ, ತಡೆಯಲಾಗದ ಬಾಯಾರಿಕೆ ಎಲ್ಲ ಅಲ್ಲಿಂದಲೇ.

ನಾನು ಕೊಟ್ಟ ಸಲಹೆ: ಬೇರೆ ಪಾತ್ರೆ ನಿಲ್ಲಿಸಿ. ಮನೆಗೆಲ್ಲ ಒಂದೇ ಸಾರು, ಉಪ್ಪು ಕಡಿಮೆ. ಬೇಕಾದವರು ತಟ್ಟೆಯಲ್ಲಿ ಹಾಕಿಕೊಳ್ಳಲಿ. ಗಂಡನಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ಜೋಳದ ರೊಟ್ಟಿಗೆ ಉಪ್ಪು ಬೇಕೇ ಇಲ್ಲ, ಅದು ನಮ್ಮ ಕಡೆಯವರ ಪುಣ್ಯ. ಉಪ್ಪಿನಕಾಯಿ, ಹಪ್ಪಳ, ಸೋಡಾ ಹಾಕಿದ ಬಜ್ಜಿ ದೂರ ಇರಲಿ. ಉಪ್ಪನ್ನು ಪೂರ್ತಿ ಬಿಡುವುದೂ ಬೇಡ. ಇಂಥ ಕಿಡ್ನಿಗೆ ಬೇಕಾದಾಗ ಉಪ್ಪು ಉಳಿಸಿಕೊಳ್ಳಲೂ ಕಷ್ಟ. ವಾಂತಿ ಭೇದಿಯಾದರೆ ತಡಮಾಡದೆ ವೈದ್ಯರಿಗೆ ಹೇಳಿ.

"ಮನೆಯವರೆಲ್ಲ ಯಾಕೆ ಸಪ್ಪೆ ಉಣ್ಣಬೇಕು?" ಎಂದು ಕೆಲವರು ನನ್ನ ಮೇಲೆ ಸಿಟ್ಟಾಗುತ್ತಾರೆ. ಆ 5 ಗ್ರಾಂ ಲೆಕ್ಕ ಆರೋಗ್ಯವಂತರಿಗೂ ಅಷ್ಟೇ ಅಲ್ವಾ? ಅದಿರಲಿ, ಒಂಟಿಯಾಗಿ ಕೂತು ಪಥ್ಯ ಮಾಡಿ ಗೆದ್ದವರನ್ನು ನಾನು ತುಂಬಾ ಕಡಿಮೆ ನೋಡಿದ್ದೇನೆ.

ತಿಂಗಳ ನಂತರ ಬಂದಾಗ ಬಾವು ಇಳಿದಿತ್ತು. ಬಿಪಿ ಮಾತ್ರೆ ಮುಂದುವರಿದಿದೆ. ಮನೆಯಲ್ಲಿ ಈಗ ಒಂದೇ ಪಾತ್ರೆ. ಮಗ ಮಾತ್ರ ತಟ್ಟೆಯ ಅಂಚಿಗೆ ಚೂರು ಉಪ್ಪು ಇಟ್ಟುಕೊಳ್ಳುತ್ತಾನಂತೆ.