ಮಿಡಲ್ಸ್‌ಬರೋದಲ್ಲಿ ಹಳೇ ಪೇಟೆ ಯಾಕಿಲ್ಲ ಅಂತ ಕೇಳಿದ್ರಲ್ಲ
ಇಂಗ್ಲೆಂಡಿನ ಬೇರೆ ಊರುಗಳ ಥರ ಅಲ್ಲಿ ಹಳೇ ಕಾಲದ ಪೇಟೆ ಯಾಕೆ ಕಾಣ್ಸಲ್ಲ ಅಂದ್ರಿ, ಇದ್ರೆ ತಾನೇ ಸಾರ್ ಕಾಣ್ಸೋದು! 1801ರ ಜನಗಣತೀಲಿ ಅಲ್ಲಿದ್ದಿದ್ದೇ 25 ಜನ. 1829ರಲ್ಲಿ ಜೋಸೆಫ್ ಪೀಸ್ ಅನ್ನೋ ಉದ್ಯಮಿ ಮತ್ತವರ ಪಾರ್ಟ್ನರ್ಸು ಟೀಸ್ ನದಿ ದಡದ ಜಮೀನು ತಗೊಂಡು, ಹಡಗಿಗೆ ಕಲ್ಲಿದ್ದಲು ತುಂಬೋಕೆ ಅಂತ್ಲೇ ಬಂದರು ಮಾಡಿ, ಮುಂದಿನ ವರ್ಷ ರೈಲೂ ತಂದ್ರು, ರಸ್ತೆಗಳೂ ಮೊದ್ಲೇ ಪ್ಲಾನ್ ಮಾಡಿ ಗೆರೆ ಎಳ್ದಂಗೆ ಹಾಕಿದ್ದು. ಊರು ನಿಜವಾಗ್ಲೂ ಉಬ್ಬಿದ್ದು ಕಬ್ಬಿಣ ಬಂದ್ಮೇಲೆ. ಬೋಲ್ಕೋ ಮತ್ತೆ ವಾನ್ ಅನ್ನೋ ಇಬ್ರು ಆಗ್ಲೇ ಕಬ್ಬಿಣದ ಕಾರ್ಖಾನೆ ಹಾಕಿದ್ರು, 1850ರಲ್ಲಿ ಹತ್ರದ ಎಸ್ಟನ್ ಗುಡ್ಡದಲ್ಲಿ ಅದಿರು ಸಿಕ್ತು, ಆಮೇಲೆ ಕೇಳ್ಬೇಕಾ, ಐರ್ಲೆಂಡು ವೇಲ್ಸಿಂದೆಲ್ಲ ಜನ ಬಂದು 1901ರ ಹೊತ್ತಿಗೆ 90 ಸಾವಿರ ದಾಟ್ತು. ಸಿಡ್ನಿ ಹಾರ್ಬರ್ ಬ್ರಿಜ್ ಕಟ್ಟಿದ ಡಾರ್ಮನ್ ಲಾಂಗ್ ಕಂಪನೀನೂ ಈ ಊರಿಂದೇ. ಹಳೇದು ಏನಾದ್ರೂ ನೋಡ್ಲೇಬೇಕು ಅಂದ್ರೆ 1911ರ ಟ್ರಾನ್ಸ್‌ಪೋರ್ಟರ್ ಬ್ರಿಜ್ (ನೇತಾಡೋ ತೊಟ್ಟಿಲಲ್ಲಿ ಜನ, ಗಾಡಿಗಳನ್ನ ನದಿ ದಾಟಿಸೋಕೆ ಕಟ್ಟಿದ ಸೇತುವೆ) ನೋಡಿ.