ಕಾರವಾರ, ಗೋಕರ್ಣ, ಶಿರಸಿಗೆ ಬರುವವರು ಮೊದಲು ಏನು ಓದಿಕೊಂಡು ಬರಬೇಕು?

ನಿಮ್ಮ ಜರ್ಮನ್ ಸಹೋದ್ಯೋಗಿ ಮೊದಲ ಸಲ ಭಾರತಕ್ಕೆ ಬರ್ತಿದ್ದಾರೆ, ಡಿಸೆಂಬರಿನಲ್ಲಿ ಹದಿನೈದು ದಿನ ನಮ್ಮ ಉತ್ತರ ಕನ್ನಡ ಜಿಲ್ಲೆ ಸುತ್ತುತ್ತಾರೆ, ಅಷ್ಟರೊಳಗೆ ಓದಲು ಭಾರತದ ಯಾವ ಪುಸ್ತಕ ಹೇಳಲಿ ಅಂತ ಕೇಳಿದ್ದೀರಿ. ಇಂಗ್ಲಿಷಿನಲ್ಲಿ ಸಿಗುವಂಥದ್ದು ಬೇಕು ಅಂತಲೂ ಬರೆದಿದ್ದೀರಿ.

ಗೋಕರ್ಣದಲ್ಲಿ ನನ್ನದೊಂದು ಸಣ್ಣ ಹೋಂಸ್ಟೇ ಇದೆ, ಮೂರೇ ಕೋಣೆ. ಬಂದವರು ಬಿಟ್ಟುಹೋದ ಪುಸ್ತಕಗಳಿಗೆ ಅಂತಲೇ ಜಗಲಿಯಲ್ಲಿ ಒಂದು ಕಪಾಟು ಇಟ್ಟಿದ್ದೇನೆ. ಅದರಲ್ಲಿ ಭಾರತವನ್ನು ಪೂರ್ತಿ ಹಿಡಿದುಕೊಡ್ತೇನೆ ಅನ್ನುವ ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳೇ ಜಾಸ್ತಿ. ಒಂದೇ ಕಾದಂಬರಿಯ ನಾಲ್ಕು ಪ್ರತಿ ಇವೆ. ಗುರುತಿಗೆ ಇಟ್ಟ ಬಸ್ ಟಿಕೆಟ್ಟು, ಹೋಟೆಲ್ ಬಿಲ್ಲು ಯಾವುದರಲ್ಲೂ ನೂರನೇ ಪುಟ ದಾಟಿಲ್ಲ. ಅದಕ್ಕೇ ಹೇಳ್ತೇನೆ, ಇಡೀ ದೇಶದ ಪುಸ್ತಕ ಹುಡುಕಬೇಡಿ. ಅವರು ಹೋಗುವ ಊರಿಗೆ ಹತ್ತಿರದ್ದು, ತೆಳ್ಳಗಿನದು ಇದ್ದರೆ ಸಾಕು.

ಶುರುವಿಗೆ ಮೂರ್ನಾಲ್ಕು ಪುಟ ಓದಿಸಿ. ರವೀಂದ್ರನಾಥ ಟ್ಯಾಗೋರರ ನೆನಪಿನ ಪುಸ್ತಕ 'ಜೀವನಸ್ಮೃತಿ'ಯಲ್ಲಿ ಕಾರವಾರದ್ದೇ ಒಂದು ಅಧ್ಯಾಯ ಇದೆ. ಇಂಗ್ಲಿಷ್ ಅನುವಾದ 1917ರಲ್ಲೇ ಬಂದಿದೆ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕಾರವಾರಕ್ಕೆ ಬಂದಾಗ ಅವರಿಗೆ ಇಪ್ಪತ್ತು ದಾಟಿತ್ತು ಅಷ್ಟೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದರು. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ದೋಣಿ ಹತ್ತಿ ಕಾಳಿ ನದಿಯಲ್ಲಿ ಮೇಲಕ್ಕೆ ಹೋಗುತ್ತಾರೆ. ಶಿವಾಜಿ ಕಾಲದ ಗುಡ್ಡದ ಕೋಟೆ ನೋಡುತ್ತಾರೆ. ಒಬ್ಬ ರೈತನ ಮನೆಯಂಗಳದಲ್ಲಿ ಕೂತು ಕಟ್ಟಿಕೊಂಡು ಹೋದದ್ದನ್ನು ಉಣ್ಣುತ್ತಾರೆ. ವಾಪಸ್ ಬರುವಾಗ ನದೀಮುಖದ ಹತ್ತಿರ ದೋಣಿ ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರುತ್ತಾರೆ. ಕಡಲು ಅಲುಗದೆ ಬಿದ್ದಿತ್ತು, ಸದಾ ಗುಂಯ್‌ಗುಟ್ಟುವ ಗಾಳಿಮರಗಳೂ ಸುಮ್ಮನಾಗಿದ್ದವು ಅಂತ ಬರೆಯುತ್ತಾರೆ. ಕತೆ ಅಂತ ಏನೂ ಇಲ್ಲ. ಆದರೆ ಅದನ್ನು ಓದಿದವರು ಸಂಜೆ ದಂಡೆಗೆ ಹೋದರೆ ಮೊದಲು ಗಾಳಿಮರದ ಕಡೆಗೇ ಕಿವಿ ಕೊಡುತ್ತಾರೆ. ಈಗ ಆ ದಂಡೆಗೆ ಟ್ಯಾಗೋರರದೇ ಹೆಸರು, ಅಲ್ಲೊಂದು ಯುದ್ಧನೌಕೆ ಮ್ಯೂಸಿಯಂ ಆಗಿ ನಿಂತಿದೆ. ಕಾಳಿ ನದಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ನಡುರಾತ್ರಿ ಕುಸಿದೇ ಹೋಯಿತು. ಇದನ್ನೂ ಅವರಿಗೆ ಹೇಳಿ, ಇಲ್ಲದಿದ್ದರೆ ಬೆಳದಿಂಗಳನ್ನೇ ಹುಡುಕುತ್ತಾ ಬರುತ್ತಾರೆ!

ಆಮೇಲೆ ನಮ್ಮವರದು. ಇಲ್ಲೊಂದು ತಮಾಷೆ ಇದೆ. ನಮ್ಮ ಜಿಲ್ಲೆಯ ದೊಡ್ಡ ಕತೆಗಾರರು ಊರು ಬಿಟ್ಟು ಹೋದವರು. ಗೋಕರ್ಣದ ಜಯಂತ ಕಾಯ್ಕಿಣಿ ಮುಂಬೈ ಕತೆಗಳನ್ನು ಬರೆದರು. ತೇಜಸ್ವಿನಿ ನಿರಂಜನ ಅನುವಾದಿಸಿದ 'ನೋ ಪ್ರೆಸೆಂಟ್ಸ್ ಪ್ಲೀಸ್' ಸಂಕಲನಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಅಂಕೋಲೆಯ ವಿವೇಕ ಶಾನಭಾಗರ 'ಘಾಚರ್ ಘೋಚರ್' ಬೆಂಗಳೂರಿನ ಒಂದು ಮನೆಯ ಕತೆ, ಒಂದೇ ರೈಲು ಪ್ರಯಾಣದಲ್ಲಿ ಮುಗಿಯುತ್ತದೆ. ಕಡಲೇ ಇಲ್ಲದ ಪುಸ್ತಕ ಯಾಕೆ ಅಂತ ಕೇಳಬಹುದು. ನಮ್ಮ ಕಡೆ ಮನೆಗೊಬ್ಬರು ಮುಂಬೈಗೋ ಬೆಂಗಳೂರಿಗೋ ಹೋದವರೇ ಅಲ್ವಾ? ನನ್ನ ಚಿಕ್ಕಪ್ಪ ಮೂವತ್ತು ವರ್ಷ ದಾದರಿನಲ್ಲಿದ್ದರು. ಇಲ್ಲಿ ಬೀಗ ಹಾಕಿದ ಹೆಂಚಿನ ಮನೆಗಳು ಕಣ್ಣಿಗೆ ಬಿದ್ದಾಗ ಆ ಬೀಗದ ಕೈ ಎಲ್ಲಿದೆ ಅನ್ನುವುದು ಈ ಕತೆಗಳಿಂದ ಗೊತ್ತಾಗುತ್ತದೆ. ನೀವು ಕನ್ನಡದಲ್ಲೇ ಓದುವವರು, ಹಾಗಾಗಿ ನಿಮಗೆ ಯಶವಂತ ಚಿತ್ತಾಲರ ಕತೆಗಳು. ಮುಂಬೈನಲ್ಲಿ ಕೂತು ಹನೇಹಳ್ಳಿಯನ್ನು ಬರೆದವರು ಅವರು. ಹನೇಹಳ್ಳಿ ನಮ್ಮಿಂದ ದೂರವೇನಲ್ಲ, ಬಂಕಿಕೊಡ್ಲದ ಪಕ್ಕ. ನಿಮ್ಮ ಸಹೋದ್ಯೋಗಿಯನ್ನೂ ಕರಕೊಂಡು ಹೋಗಿ ಬನ್ನಿ.

ಅನಂತಮೂರ್ತಿಯವರ 'ಸಂಸ್ಕಾರ' ಕೊಡಬಹುದಾ ಅಂತಲೂ ಕೇಳಿದ್ದೀರಿ. ಬ್ರಾಹ್ಮಣರ ಅಗ್ರಹಾರದ ಮಡಿ-ಮೈಲಿಗೆಯ ಕತೆ, ಮಹತ್ವದ ಪುಸ್ತಕ, ಎ. ಕೆ. ರಾಮಾನುಜನ್ ಅನುವಾದವೂ ಚೆನ್ನಾಗಿದೆ. ಆದರೆ ಅದನ್ನೊಂದನ್ನೇ ಓದಿ ಶಿರಸಿ ಕಡೆ ಹೋದರೆ ಕಷ್ಟ. ನಮ್ಮಲ್ಲಿ ಉಳಿದು ಅದನ್ನೇ ಓದುತ್ತಿದ್ದ ಒಬ್ಬಳನ್ನು ಶಿರಸಿ ಹತ್ತಿರದ ಸ್ನೇಹಿತನ ಮನೆಗೆ ಕಳಿಸಿದ್ದೆ. ಹವ್ಯಕ ಬ್ರಾಹ್ಮಣರ ಮನೆ, ಅಡಿಕೆ ತೋಟ. ಪಾಪ, ಎರಡು ದಿನ ಏನು ಮುಟ್ಟಿದರೆ ಮೈಲಿಗೆಯಾಗುತ್ತದೋ ಅಂತ ಹೆದರಿ ಅಂಗಳದಲ್ಲೇ ಪುಸ್ತಕ ಹಿಡಿದು ಕೂತಿದ್ದಳಂತೆ. ಮನೆಯವರು ನೋಡಿದರೆ ಮೊಬೈಲ್‌ನಲ್ಲಿ ಅಡಿಕೆ ರೇಟು ನೋಡ್ತಾ ಇದ್ದಾರೆ. ಕಡೆಗೆ ಅಜ್ಜಿಯೇ ಬಂದು "ಓದಿದ್ದು ಸಾಕು, ಉಂಬಲೆ ಬಾ ತಂಗಿ" ಅಂತ ಕೈ ಹಿಡಿದು ಒಳಗೆ ಕರಕೊಂಡು ಹೋದರು. ಮಾವಿನಕಾಯಿಯ ತೆಳು ಸಾರು ಅಪ್ಪೆಹುಳಿಯನ್ನು ಮೂರು ಲೋಟ ಕುಡಿದಳು ಅಂತ ಸ್ನೇಹಿತ ಈಗಲೂ ಹೇಳ್ತಾನೆ. ಆ ಕಾದಂಬರಿಯನ್ನು ನಿಮ್ಮ ಸಹೋದ್ಯೋಗಿ ವಾಪಸ್ ಹೋದಮೇಲೆ ಓದಲಿ.

ಇನ್ನೊಂದು ಮಾತ್ರ ತಪ್ಪಿಸಬೇಡಿ. ರಾಜಾಜಿಯವರ ಮಹಾಭಾರತ, ಮೊದಲು ತಮಿಳಿನಲ್ಲಿ ಬರೆದದ್ದು, ಇಂಗ್ಲಿಷಿನಲ್ಲೂ ಸಿಗುತ್ತದೆ, ಸಣ್ಣ ಸಣ್ಣ ಅಧ್ಯಾಯ. ದಿನಕ್ಕೆರಡು ಓದಿದರೂ ಆಯಿತು. ಡಿಸೆಂಬರಿಗೆ ಆಟದ ಸೀಸನ್ ಶುರುವಾಗಿರುತ್ತದೆ. ಆಟ ಅಂದರೆ ಯಕ್ಷಗಾನ, ನಮ್ಮ ಕಡೆ ಹಾಗೇ ಹೇಳೋದು. ಹೊನ್ನಾವರ, ಕುಮಟಾ ಕಡೆ ಎಲ್ಲಾದರೂ ಗದ್ದೆಯಲ್ಲಿ ರಂಗಸ್ಥಳ ಹಾಕಿರುತ್ತಾರೆ. ಕೀಚಕ ಯಾರು, ಭೀಮ ಯಾಕೆ ಸೀರೆ ಉಟ್ಟಿದ್ದಾನೆ ಅಂತ ಗೊತ್ತಿದ್ದರೆ ಮಾತು ತಿಳಿಯದಿದ್ದರೂ ನಡುರಾತ್ರಿವರೆಗೆ ಕೂರಬಹುದು. ಒಂದು ಶಾಲು ತರಲು ಹೇಳಿ. ಡಿಸೆಂಬರಿನಲ್ಲಿ ರಾತ್ರಿ ಇಬ್ಬನಿ ಬೀಳುತ್ತದೆ.