ಅಪ್ಪನ ಹಳೇ ಪ್ಲೇಯರ್‌ನಲ್ಲಿ ಸ್ಯಾಕ್ಸೋಫೋನ್ ಯಾಕೆ ಅಲುಗುತ್ತದೆ?

ಪ್ರಶ್ನೆ: ಅಟ್ಟದ ಮೇಲಿದ್ದ ಅಪ್ಪನ ಸೂಟ್‌ಕೇಸ್ ಥರದ ರೆಕಾರ್ಡ್ ಪ್ಲೇಯರ್ ಇಳಿಸಿದ್ದೇನೆ. ಹಳೇ ಸಿನಿಮಾ ಹಾಡು ಚೆನ್ನಾಗೇ ಕೇಳುತ್ತದೆ. ಆದರೆ ಆಸೆಪಟ್ಟು ತಂದ ಸ್ಮೂತ್ ಜಾಜ್ (ಮೆಲುವಾದ ಜಾಜ್ ಸಂಗೀತ) ಎಲ್‌ಪಿ, ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ ‘ವೈನ್‌ಲೈಟ್’ (1980), ಹಾಕಿದರೆ ಸ್ಯಾಕ್ಸೋಫೋನ್ ಅಲುಗುತ್ತದೆ, ಜೊತೆಗೆ ಕರಕರ ಸದ್ದು. ರೆಕಾರ್ಡೇ ಹಾಳಾಗಿದೆಯಾ?
(ಕುವೆಂಪುನಗರ, ಮೈಸೂರು)

ಉತ್ತರ: ರೆಕಾರ್ಡ್ ಮೇಲೆ ಈಗಲೇ ಅನುಮಾನ ಬೇಡ. ಆದರೆ ಮುಳ್ಳು ಬದಲಾಯಿಸುವವರೆಗೆ ಆ ಎಲ್‌ಪಿಯನ್ನು ದಯವಿಟ್ಟು ಹಾಕಬೇಡಿ. ಸವೆದ ಮುಳ್ಳು ಗೆರೆಯನ್ನು ಕೆರೆಯುತ್ತದೆ, ಹೋದ ದನಿ ಮತ್ತೆ ಬರಲ್ಲ.

ಮುಳ್ಳನ್ನು ಹಿಡಿದಿರುವ ಕಾರ್ಟ್ರಿಡ್ಜ್ ಪಕ್ಕದಲ್ಲಿ ಪುಟ್ಟ ಕಡ್ಡಿಯೊಂದು ಇದೆಯಾ ನೋಡಿ. ಅದನ್ನು ತಿರುಗಿಸಿದರೆ ಒಂದು ಕಡೆ 78 (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ರೆಕಾರ್ಡಿನ ಮುಳ್ಳು), ಇನ್ನೊಂದು ಕಡೆ ಎಲ್‌ಪಿ. 78ರ ಮುಳ್ಳಿನ ತುದಿ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ದಪ್ಪ. ಅದು ಎಲ್‌ಪಿ ಗೆರೆಯೊಳಗೆ ಸರಿಯಾಗಿ ಕೂರುವುದೇ ಇಲ್ಲ. ಎಷ್ಟೋ ಮನೆಗಳಲ್ಲಿ ಕರಕರ ಸದ್ದಿಗೆ ಇದೇ ಕಾರಣ. ಅದು ಸರಿಯಿದ್ದರೂ ಹೊಸ ಮುಳ್ಳು ಹಾಕಿಸಿ, ನೀಲಮಣಿಯದ್ದಲ್ಲ, ವಜ್ರದ್ದು, ಬಾಳಿಕೆ ಜಾಸ್ತಿ. ಪ್ಲೇಯರ್ ಮೊನೊ (ಒಂದೇ ಚಾನೆಲ್) ಆಗಿದ್ದರೂ ಸ್ಟೀರಿಯೊ (ಎರಡು ಚಾನೆಲ್) ಸೆರಾಮಿಕ್ ಕಾರ್ಟ್ರಿಡ್ಜೇ ಬೇಕು. ನಿಮ್ಮ ಎಲ್‌ಪಿಯ ಸ್ಟೀರಿಯೊ ಗೆರೆಯಲ್ಲಿ ಮುಳ್ಳು ಅಕ್ಕಪಕ್ಕ ಮಾತ್ರವಲ್ಲ, ಮೇಲೆ ಕೆಳಗೂ ಆಡಬೇಕು, ಹಳೇ ಮೊನೊ ಕಾರ್ಟ್ರಿಡ್ಜ್ ಬಿಗಿಯಾಗಿ ಕೂತು ಅದನ್ನು ತುಳಿಯುತ್ತದೆ. ಮ್ಯಾಗ್ನೆಟಿಕ್ ಬೇಡ, ಅದರ ಸಿಗ್ನಲ್ ಕೆಲವೇ ಮಿಲಿವೋಲ್ಟ್, ನಿಮ್ಮ ಪ್ಲೇಯರ್‌ನ ಆಂಪ್ಲಿಫೈಯರ್‌ಗೆ ಸಾಲದು.

ಇನ್ನು ಅಲುಗಾಟ. ಅದು ಸಿನಿಮಾ ಹಾಡಿನಲ್ಲೂ ಇದೆ, ಆದರೆ ಮಾತು, ತಬಲ, ಢೋಲಕ್ ಮಧ್ಯೆ ಕಿವಿಗೆ ಬೀಳುವುದಿಲ್ಲ. ಸ್ಮೂತ್ ಜಾಜ್‌ನಲ್ಲಿ ಸ್ಯಾಕ್ಸೋಫೋನ್ ಒಂದೇ ಸ್ವರವನ್ನು ಎಳೆದು ಹಿಡಿಯುತ್ತದೆ, ಹಿಂದೆ ಎಲೆಕ್ಟ್ರಿಕ್ ಪಿಯಾನೊ ಮೆಲ್ಲಗೆ ತುಂಬಿಕೊಂಡಿರುತ್ತದೆ, ರೆಕಾರ್ಡ್ ಕೂರುವ ತಟ್ಟೆ ಒಂದಿಷ್ಟು ತಡವರಿಸಿದರೂ ಗೊತ್ತಾಗಿಬಿಡುತ್ತದೆ. ಈ ಸಂಗೀತದ ಸುಖವೇ ಆ ಎಳೆತದಲ್ಲಿದೆ ಅಲ್ವಾ, ಅದಕ್ಕೇ ವೇಗ ಸರಿಮಾಡದೆ ಬಿಡಬಾರದು.

ತಟ್ಟೆ ಎತ್ತಿದರೆ ಒಳಗೆ ರಬ್ಬರ್ ಚಕ್ರ ಕಾಣುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಒತ್ತಿಕೊಂಡು ಅದರಲ್ಲಿ ಗುಳಿ ಬಿದ್ದಿರಬಹುದು, ಆಗ ದಡ್ ದಡ್ ಅನ್ನುವ ಸದ್ದೂ ಬರುತ್ತದೆ. ಗುಳಿ ಇದ್ದರೆ ಚಕ್ರವನ್ನೇ ಬದಲಿಸಿ. ಇಲ್ಲದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ತಟ್ಟೆ ತಿರುಗುವ ನಡುಕಡ್ಡಿಯ ಗಟ್ಟಿಯಾದ ಗ್ರೀಸ್ ತೆಗೆದು ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಡಿ, ರಬ್ಬರ್‌ಗೆ ಮಾತ್ರ ತಾಗಬಾರದು. ಆಮೇಲೆ ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಬೇಡವಾದ ಎಲ್‌ಪಿ ಒಂದರ ಮೇಲೆ ಮುಳ್ಳಿಟ್ಟು, ಮೊಬೈಲ್‌ನಲ್ಲಿ ಸಮಯ ನೋಡುತ್ತಾ ಸುತ್ತು ಎಣಿಸಿ. 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು.

ಇಷ್ಟಾದ ಮೇಲೂ ಕರಕರ ಉಳಿದರೆ ರೆಕಾರ್ಡ್ ತೊಳೆಯಿರಿ. ಡಿಸ್ಟಿಲ್ಡ್ ವಾಟರ್, ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ, ಗೆರೆ ಹೋದ ದಿಕ್ಕಿಗೇ ಒರೆಸಬೇಕು. ಲೇಬಲ್ ಒದ್ದೆ ಮಾಡಬೇಡಿ. ಮಳೆಗಾಲದಲ್ಲಿ ಪೂರ್ತಿ ಒಣಗಿದ ಮೇಲೇ ಕವರ್‌ಗೆ ಹಾಕಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಅಣ್ಣ ಅಮೆರಿಕದಿಂದ ಹಳೇ ಟರ್ನ್‌ಟೇಬಲ್ ತಂದುಕೊಟ್ಟ. 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ. ಆದರೂ ಜಾರ್ಜ್ ಬೆನ್ಸನ್ ಅವರ ಗಿಟಾರ್ ನಿಧಾನವಾಗಿ, ತಗ್ಗಿದ ಶ್ರುತಿಯಲ್ಲಿ ಕೇಳುತ್ತದೆ.
(ಮಂಡ್ಯ)

ಉತ್ತರ: ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಕರೆಂಟ್‌ನ ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಹಳೇ ಎಸಿ ಮೋಟಾರ್ ಅದನ್ನೇ ನಂಬಿ ತಿರುಗುತ್ತದೆ, ಹಾಗಾಗಿ ನಿಮಿಷಕ್ಕೆ 33⅓ ಸುತ್ತಿನ ಬದಲು ಸುಮಾರು 27.8. ಶ್ರುತಿ ಮೂರು ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ, ಬೆನ್ಸನ್ ಅವರ ‘ಬ್ರೀಜಿನ್’ (1976) ಥರದ ಹಗುರ ರೆಕಾರ್ಡ್ ತೂಕಡಿಸಿದಂತೆ ಕೇಳುವುದು ಅದಕ್ಕೇ. ಆ ಮಾಡೆಲ್‌ನ 50 ಹರ್ಟ್ಸ್ ಪುಲ್ಲಿ (ಮೋಟಾರ್ ಕಡ್ಡಿಯ ಮೇಲಿನ ಪುಟ್ಟ ಗಾಲಿ) ಹುಡುಕಿ. ಸಿಗದಿದ್ದರೆ ಒಳ್ಳೆ ಲೇತ್ ಕೆಲಸದವರ ಹತ್ತಿರ ಮಾಡಿಸಬಹುದು, ಈಗಿರುವ ಪುಲ್ಲಿಯ ವ್ಯಾಸಕ್ಕಿಂತ ಹತ್ತಿರ ಹತ್ತಿರ 1.2 ಪಟ್ಟು ಇರಬೇಕು. ಮೊದಲು ಮೋಟಾರ್ ಯಾವುದು ಅಂತ ನೋಡಿಕೊಳ್ಳಿ. ಡಿಸಿ ಮೋಟಾರ್ ಆಗಿದ್ದರೆ ಪುಲ್ಲಿ ಮುಟ್ಟುವುದೇ ಬೇಡ, ವೇಗ ಹೊಂದಿಸುವ ಸ್ಕ್ರೂ ತಿರುಗಿಸಿದರೆ ಸಾಕು.